ಪುಟ್ಟಿಯ ಇನ್ಸುಲಿನ್ ಮತ್ತು ಆ ಹೊಸ ಕೋಶಗಳು

ಅತ್ತಿಗೆ, ಕಾಂಡಕೋಶಗಳಿಂದ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಿಂದ) ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಬೆಳೆಸಿದ್ದಾರಂತೆ, ಇನ್ನು ಪುಟ್ಟಿಗೆ ಸೂಜಿ ಬೇಡವೇ ಎಂದು ನೀವು ಕೇಳಿದ್ದನ್ನು ಈಗ ನೋಡಿದೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳಿ. ಸುದ್ದಿ ನಿಜ. ಆದರೆ ಪುಟ್ಟಿಯ ಇನ್ಸುಲಿನ್ ಒಂದು ಹೊತ್ತೂ ತಪ್ಪಬಾರದು.

ಪುಟ್ಟಿಗಿರುವ ಟೈಪ್ 1 ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. 2000ದಲ್ಲಿ ಕೆನಡಾದ ಎಡ್ಮಂಟನ್‌ನ ವೈದ್ಯರು ಮೃತ ದಾನಿಗಳ ಕೋಶಗಳನ್ನು ಕಸಿ ಮಾಡಿದ 7 ರೋಗಿಗಳೂ ಇನ್ಸುಲಿನ್ ಬಿಟ್ಟಿದ್ದರು. ದಾರಿ ಸರಿಯಿತ್ತು, ಆದರೆ ಅಷ್ಟು ದಾನಿಗಳು ಎಲ್ಲಿಂದ ಬರಬೇಕು? ಅದಕ್ಕೇ ಕಾಂಡಕೋಶಗಳ ಮೊರೆ ಹೋದರು.

ಇಲ್ಲಿ ಒಂದು ಸೂಕ್ಷ್ಮವಿದೆ, ಅತ್ತಿಗೆ. ಇನ್ಸುಲಿನ್ ತಯಾರಿಸುವ ಕೋಶ 2006ರಲ್ಲೇ ಪ್ರಯೋಗಾಲಯದಲ್ಲಿ ಸಿಕ್ಕಿತ್ತು. ಆದರೆ ಅದು ಎಳೆಯ ಕೋಶ. ರಕ್ತದಲ್ಲಿ ಸಕ್ಕರೆ ಏರಿದಾಗ ಎಳೆಯ ಕೋಶ ಮಂಕಾಗಿರುತ್ತದೆ, ಸಕ್ಕರೆ 50ಕ್ಕೆ, ಅಂದರೆ ತೀರಾ ಕೆಳಕ್ಕೆ, ಇಳಿದಾಗಲೂ ಇನ್ಸುಲಿನ್ ಸೋರಿಸುತ್ತಲೇ ಇರುತ್ತದೆ. ಪುಟ್ಟಿಗೆ ಸಕ್ಕರೆ ಕುಸಿದ ರಾತ್ರಿಗಳನ್ನು ಕಂಡ ನಿಮಗೆ ಇದರ ಅಪಾಯ ನಾನು ಹೇಳಬೇಕಾಗಿಲ್ಲ. ಯಾವಾಗ ನಿಲ್ಲಿಸಬೇಕು ಎಂದು ಬಲ್ಲ ಕೋಶವೇ ಬಲಿತ ಕೋಶ.

ಬಲಿತಿದೆಯೇ ಎಂದು ನೋಡುವ ಪರೀಕ್ಷೆ ನನಗೆ ಬಹಳ ಇಷ್ಟ. ಸೂಜಿಮೊನೆಯಷ್ಟು ಸಣ್ಣ ಕೋಶಗುಚ್ಛಗಳನ್ನು ಮೊದಲು ಕಡಿಮೆ ಸಕ್ಕರೆಯ ದ್ರವದಲ್ಲಿ ಇಡುತ್ತಾರೆ, ಆಮೇಲೆ ಹೆಚ್ಚು ಸಕ್ಕರೆಯದರಲ್ಲಿ, ಮತ್ತೆ ಕಡಿಮೆಯದರಲ್ಲಿ. ಪ್ರತಿ ಬಾರಿಯೂ ಎಷ್ಟು ಇನ್ಸುಲಿನ್ ಹೊರಬಂತು ಎಂದು ಅಳೆಯುತ್ತಾರೆ. 2014ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ತಂಡದ ಕೋಶಗಳು ಇದಕ್ಕೆ ಸ್ಪಂದಿಸಿದವು. ಡಗ್ಲಸ್ ಅವರ ಇಬ್ಬರು ಮಕ್ಕಳಿಗೂ ಟೈಪ್ 1 ಇದೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಮಥಿಯಾಸ್ ಹೆಬ್ರಾಕ್ ತಂಡ ಇನ್ಸುಲಿನ್ ಶುರುಮಾಡಿದ ಕೋಶಗಳನ್ನಷ್ಟೇ ಹೆಕ್ಕಿ, ಮತ್ತೆ ಗುಂಪುಗೂಡಲು ಬಿಟ್ಟಿತು. ಒಂದಕ್ಕೊಂದು ಅಂಟಿಕೊಂಡ ಮೇಲೆ ಅವು ಇನ್ನಷ್ಟು ಬಲಿತವು.

2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಕೋಶಗಳ ಪೂರ್ಣ ಪ್ರಮಾಣವನ್ನು ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ಪಡೆದ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಹೊರಗಿನ ಇನ್ಸುಲಿನ್ ಬೇಕಾಗಿರಲಿಲ್ಲ. ಓದಿದಾಗ ಕಣ್ಣು ತುಂಬಿತು. ಆದರೆ ಅವರೆಲ್ಲ ವಯಸ್ಕರು, ಸಕ್ಕರೆ ತೀವ್ರವಾಗಿ ಕುಸಿದು ಕಷ್ಟಪಟ್ಟವರು. ಹೊಸ ಕೋಶಗಳನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಲೇ ಇರಬೇಕು. ಆ ಪ್ರಯೋಗದಲ್ಲಿದ್ದ ಒಬ್ಬರು ಮೆದುಳುಪೊರೆಯ ಸೋಂಕಿನಿಂದ ತೀರಿಕೊಂಡರು. ಬೆಳೆಯುವ ಮಗುವಿಗೆ ಆ ಔಷಧಗಳ ಹೊರೆ ನನಗೆ ಒಪ್ಪಿಗೆಯಿಲ್ಲ.

ದೊಡ್ಡಪ್ಪ, ಅವಳದೇ ಕೋಶದಿಂದ ಮಾಡಿದರೆ ಆಗದೇ ಎಂದಿರಿ. ಒಳ್ಳೆಯ ಪ್ರಶ್ನೆ. ಚೀನಾದಲ್ಲಿ 25 ವರ್ಷದ ಯುವತಿಗೆ ಅವಳದೇ ಕೋಶಗಳಿಂದ ಬೆಳೆಸಿದ್ದನ್ನು ಕಸಿ ಮಾಡಿ, 75 ದಿನಗಳ ನಂತರ ಇನ್ಸುಲಿನ್ ನಿಲ್ಲಿಸಿದ್ದಾರೆ. ಆದರೆ ಯಕೃತ್ತಿನ ಕಸಿಗಾಗಿ ಅವಳು ಮೊದಲೇ ಅಂಥ ಔಷಧಗಳಲ್ಲಿದ್ದಳು. ಟೈಪ್ 1ರಲ್ಲಿ ದೇಹ ತನ್ನದೇ ಕೋಶವನ್ನೂ ಬಿಡುವುದಿಲ್ಲವಲ್ಲ!

ಅತ್ತಿಗೆ, ಹಣ ಕಟ್ಟಿದರೆ ಕಾಂಡಕೋಶ ಚುಚ್ಚಿ ಗುಣಪಡಿಸುತ್ತೇವೆ ಎಂದು ಯಾರಾದರೂ ಕರೆದರೆ ಒಪ್ಪಬೇಡಿ. ನಿಜವಾದ ಪ್ರಯೋಗಕ್ಕೆ ಸೇರಿಸಿಕೊಳ್ಳುವವರು ಚಿಕಿತ್ಸೆಗೆಂದು ರೋಗಿಯಿಂದ ಹಣ ಕೇಳುವುದಿಲ್ಲ. ಮುಂದಿನ ತಪಾಸಣೆಗೆ ಹೋದಾಗ ಈ ಸುದ್ದಿಯನ್ನು ಪುಟ್ಟಿಯ ವೈದ್ಯರಿಗೇ ತೋರಿಸಿ, ನಾನೂ ಜೊತೆಗೆ ಬರುತ್ತೇನೆ.