ಕನ್ನಡ ಸಂಘದ ನಾಟಕ ನೋಡಿಕೊಳ್ಳುವವರಿಗೂ ಫೆಲೋಶಿಪ್ ಸಿಗುತ್ತಾ?

ಪ್ರಶ್ನೆ (ಡೊಂಬಿವಲಿಯಿಂದ):
ಅಕ್ಕ, ನಮಸ್ಕಾರ. ನನಗೆ 34 ವರ್ಷ. ಹಗಲು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಹನ್ನೊಂದು ವರ್ಷದಿಂದ ನಮ್ಮ ಕನ್ನಡ ಸಂಘದ ನಾಟಕ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ವರ್ಷಕ್ಕೆ ಎರಡು ನಾಟಕ. ಹಾಲ್ ಬುಕ್ ಮಾಡುವುದು, ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಲು ಹೋಟೆಲಿನವರ ಹತ್ತಿರ ಹೋಗುವುದು, ತಾಲೀಮಿಗೆ ಜನ ಸೇರಿಸುವುದು ಎಲ್ಲ ನನ್ನ ಪಾಲಿಗೆ. ಹೋದ ಸಲ ಮಕ್ಕಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದು ಕೊಟ್ಟೆ. ಕಲಾ ಕ್ಷೇತ್ರ ಮುನ್ನಡೆಸುವವರಿಗೆ ಅಂತಲೇ ಫೆಲೋಶಿಪ್‌ಗಳಿವೆ ಎಂದು ಕೇಳಿದೆ. ನಾನು ನಟಿ ಅಲ್ಲ, ಇದರಲ್ಲಿ ಡಿಗ್ರಿಯೂ ಇಲ್ಲ. ಅರ್ಜಿ ಹಾಕಬಹುದಾ?

ಉತ್ತರ:
ಖಂಡಿತ ಹಾಕಬಹುದು. ಮುಂಬೈಯಲ್ಲಿ ಇಪ್ಪತ್ತು ವರ್ಷದಿಂದ ಕಲಾ ನಿರ್ವಹಣೆಯ ಕೆಲಸ ಮಾಡುತ್ತಿದ್ದೇನೆ, ಎರಡು ಸಲ ಆಯ್ಕೆ ಸಮಿತಿಯಲ್ಲೂ ಕೂತಿದ್ದೇನೆ. ಅದರ ಮೇಲೆ ಹೇಳುತ್ತಿದ್ದೇನೆ. ಹಾಲ್, ಹಣ, ಜನ ಈ ಮೂರನ್ನೂ ಹನ್ನೊಂದು ವರ್ಷ ಹೊಂದಿಸಿದವರಿಗೆ ಕಲಾ ನಿರ್ವಹಣೆ ಗೊತ್ತಿಲ್ಲ ಅಂತ ಯಾರೂ ಹೇಳುವಂತಿಲ್ಲ.

ಆದರೆ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಫೆಲೋಶಿಪ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಕೊಡುವ ಹಣ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ 25ರಿಂದ 40 ವರ್ಷದವರಿಗೆ. ತಿಂಗಳಿಗೆ 10,000 ರೂಪಾಯಿ, ಎರಡು ವರ್ಷ. ಸೀನಿಯರ್‌ಗೆ 20,000. ಅದು ಸಂಶೋಧನೆಗೆ, ಅಧ್ಯಯನಕ್ಕೆ. ಸಂಘ ನಡೆಸುವುದನ್ನು ಅದು ಕಲಿಸುವುದಿಲ್ಲ. ಚಾರ್ಲ್ಸ್ ವಾಲೆಸ್ ಇಂಡಿಯಾ ಟ್ರಸ್ಟ್ ಇನ್ನೊಂದು ಬಗೆ. ಕಲ್ಕತ್ತಾದಲ್ಲಿ ವ್ಯಾಪಾರ ಮಾಡಿ 1916ರಲ್ಲಿ ತೀರಿಕೊಂಡ ಚಾರ್ಲ್ಸ್ ವಾಲೆಸ್ ಅವರ ಆಸ್ತಿಯಿಂದ 1981ರಲ್ಲಿ ಆದ ಟ್ರಸ್ಟ್ ಅದು. ಕಲೆ, ಪರಂಪರೆಯ ಕೆಲಸದಲ್ಲಿರುವ ಭಾರತೀಯರು ಸ್ವಲ್ಪ ಕಾಲ ಬ್ರಿಟನ್ನಿಗೆ ಹೋಗಿ ನೋಡಿ ಕಲಿತು ಬರಲು ನೆರವು ಕೊಡುತ್ತದೆ.

ನೀವು ಕೇಳುತ್ತಿರುವುದು ಮೂರನೆಯದು, ಸಂಸ್ಥೆ ನಡೆಸುವವರನ್ನು ಬೆಳೆಸುವಂಥದ್ದು. ಇದಕ್ಕೆ ಒಳ್ಳೆಯ ಮಾದರಿ ಲಂಡನ್ನಿನ ಕ್ಲೋರ್ ಲೀಡರ್‌ಶಿಪ್. 2004ರಲ್ಲಿ ಮೊದಲ ತಂಡ ತೆಗೆದುಕೊಂಡಿತು. ಅಲ್ಲಿ ಪಾಠಕ್ಕಿಂತ ಜಾಸ್ತಿ, ಒಬ್ಬ ಹಿರಿಯರ ಮಾರ್ಗದರ್ಶನ, ಬೇರೆ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕೆಲಸ, ಒಟ್ಟಿಗೆ ಉಳಿದು ಚರ್ಚೆ. ಅದು ಮುಖ್ಯವಾಗಿ ಬ್ರಿಟನ್ನಿನವರಿಗೆ. ನಮ್ಮ ಕಡೆ ಇದೇ ಯೋಚನೆಯಿಂದ 2010ರಲ್ಲಿ ಶುರುವಾದದ್ದು ಆರ್ಟ್‌ಥಿಂಕ್ ಸೌತ್ ಏಷ್ಯಾ. ದೆಹಲಿಯ ಮ್ಯಾಕ್ಸ್ ಮುಲ್ಲರ್ ಭವನದ (ಜರ್ಮನ್ ಸಾಂಸ್ಕೃತಿಕ ಕೇಂದ್ರ) ಬೆಂಬಲದಿಂದ ನಡೆದದ್ದು. ನಿಮಗೆ ಇನ್ನೂ ಹತ್ತಿರದ್ದು ಸ್ಮಾರ್ಟ್ ಎಂಬ ತರಬೇತಿ. ಇಂಡಿಯಾ ಥಿಯೇಟರ್ ಫೋರಂ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಮುಂಬೈಯ ಜುನೂನ್ ಸೇರಿ ನಾಟಕ ತಂಡಗಳಿಗಾಗಿಯೇ ರೂಪಿಸಿದ್ದು. ಇವೆಲ್ಲ ಪ್ರತಿ ವರ್ಷ ಅರ್ಜಿ ಕರೆಯುತ್ತವೆ ಅಂತ ಕಾಯಬೇಡಿ. ಆ ವರ್ಷದ ಪ್ರಕಟಣೆ ನೋಡಿಯೇ ಹೆಜ್ಜೆ ಇಡಿ.

ಡೊಂಬಿವಲಿಯಿಂದ:
ತುಂಬಾ ಥ್ಯಾಂಕ್ಸ್ ಅಕ್ಕ. ಅರ್ಜಿಯ ಪ್ರಬಂಧದ ಮೊದಲ ಎರಡು ಸಾಲು ಹೀಗೆ ಬರೆದಿದ್ದೇನೆ: 'ಬಾಲ್ಯದಿಂದಲೂ ನನಗೆ ಕಲೆಯಲ್ಲಿ ಅಪಾರ ಆಸಕ್ತಿ. ಕನ್ನಡ ಸಂಸ್ಕೃತಿಯನ್ನು ಉಳಿಸಿ ಬೆಳೆಸುವುದು ನನ್ನ ಗುರಿ.' ಸರಿ ಇದೆಯಾ?

ಉತ್ತರ:
ಈ ಎರಡು ಸಾಲು ತೆಗೆದುಬಿಡಿ. ಬೇಜಾರು ಮಾಡಿಕೊಳ್ಳಬೇಡಿ. ಸಮಿತಿಯಲ್ಲಿ ಕೂತಾಗ ಇಂಥ ಸಾಲುಗಳನ್ನು ಎಷ್ಟು ಓದಿದ್ದೇನೆಂದರೆ, ಯಾವುದು ಯಾರದ್ದು ಅಂತ ನೆನಪೇ ಉಳಿಯುತ್ತಿರಲಿಲ್ಲ.

ನೀವು ಇಲ್ಲಿ ಕೇಳಿದ ಪ್ರಶ್ನೆಯಲ್ಲೇ ನಿಮ್ಮ ಪ್ರಬಂಧ ಇದೆ. ದೇವನಾಗರಿಯಲ್ಲಿ ಮಾತು ಬರೆದುಕೊಟ್ಟೆ ಎಂದಿರಲ್ಲ, ಅಲ್ಲಿಂದ ಶುರು ಮಾಡಿ. ಯಾವ ನಾಟಕ, ಎಷ್ಟು ಮಕ್ಕಳು, ಯಾವ ಶಾಲೆಯವರು. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಆ ಮಕ್ಕಳು ಮೂವತ್ತು ದಾಟಿದಾಗ ನಿಮ್ಮ ನಾಟಕಕ್ಕೆ ಟಿಕೆಟ್ ಕೊಳ್ಳುತ್ತಾರಾ? ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾಯಿತು. ಅಲ್ಲಿಂದ ಈಚೆಗೆ ಮುಂಬೈಯ ಪ್ರತಿ ಕನ್ನಡ ಸಂಘವೂ ಊರಿನಿಂದ ಹೊಸಬರು ಬರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಈಗ ಕರಾವಳಿಯ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಹಾಗಾದರೆ ನಿಮ್ಮ ಪ್ರೇಕ್ಷಕರು ಯಾರು? ಇದು ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನನಗೆ ಒಂದು ವರ್ಷದ ಬೆಂಬಲ ಬೇಕು ಅಂತ ಬರೆದವರ ಅರ್ಜಿಯನ್ನು ಸಮಿತಿ ಎರಡನೇ ಸಲ ಓದುತ್ತದೆ.

ಲೆಕ್ಕವನ್ನೂ ಬರೆಯಿರಿ. ಅದು ನಿಮ್ಮ ಕಸುಬು. ಒಂದು ಪ್ರದರ್ಶನಕ್ಕೆ ಏನು ಖರ್ಚು, ಟಿಕೆಟಿನಿಂದ ಎಷ್ಟು, ಸಂಚಿಕೆಯ ಜಾಹೀರಾತಿನಿಂದ ಎಷ್ಟು. ಇಬ್ಬರು ಹೋಟೆಲ್ ಮಾಲೀಕರು ಕೈಬಿಟ್ಟರೆ ನಾಟಕ ನಿಲ್ಲುತ್ತದೆ ಅಂತಿದ್ದರೆ ಅದನ್ನೂ ಮುಚ್ಚಿಡಬೇಡಿ. ಸೋತ ಪ್ರಯತ್ನವನ್ನು ಧೈರ್ಯವಾಗಿ ಹೇಳುವವರ ಮೇಲೆ ನನಗಂತೂ ಗೌರವ ಜಾಸ್ತಿ.

ನಮ್ಮದು ಸಣ್ಣ ಸಂಘ ಎಂಬ ಹಿಂಜರಿಕೆಯೂ ಬೇಡ. ನೀನಾಸಂ 1949ರಲ್ಲಿ ಹೆಗ್ಗೋಡು ಎಂಬ ಹಳ್ಳಿಯಲ್ಲಿ ಊರವರೇ ಸೇರಿ ಶುರು ಮಾಡಿದ್ದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಪುಣೆಯಿಂದ ಒಬ್ಬರು:
ಮೇಡಂ, ನಾನು ಇಲ್ಲಿನ ವಸ್ತುಸಂಗ್ರಹಾಲಯವೊಂದರಲ್ಲಿ ಇದ್ದೇನೆ. ವಯಸ್ಸು 29. ನನಗೆ ಯಾವುದು ಹೊಂದುತ್ತದೆ?

ಉತ್ತರ:
ಎರಡು ನೋಡಿ. ಬ್ರಿಟಿಷ್ ಮ್ಯೂಸಿಯಂ 2006ರಿಂದ ಅಂತರರಾಷ್ಟ್ರೀಯ ತರಬೇತಿ ನಡೆಸುತ್ತಿದೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದವರು ಹೋಗಿ ಬಂದಿದ್ದಾರೆ. ಲಂಡನ್ನಿನ ಜೊತೆ ಬೇರೆ ಊರಿನ ಮ್ಯೂಸಿಯಂಗಳಲ್ಲೂ ಇರಬೇಕಾಗುತ್ತದೆ. ಇದಕ್ಕೆ ನಿಮ್ಮ ಮೇಲಿನವರ ಬೆಂಬಲ ಬೇಕೇ ಬೇಕು, ಅವರ ಹತ್ತಿರ ಮೊದಲೇ ಮಾತಾಡಿ. ಇನ್ನೊಂದು ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನದ ಜರ್ಮನ್ ಚಾನ್ಸೆಲರ್ ಫೆಲೋಶಿಪ್. ಒಂದು ವರ್ಷದ್ದು. ಯೋಜನೆ ನಿಮ್ಮದೇ ಇರಬೇಕು, ಅಲ್ಲಿ ನಿಮ್ಮನ್ನು ಸೇರಿಸಿಕೊಳ್ಳುವ ಸಂಸ್ಥೆಯನ್ನೂ ನೀವೇ ಹುಡುಕಬೇಕು. ಮೊದಲ ಡಿಗ್ರಿ ಮುಗಿದು 12 ವರ್ಷ ದಾಟಿರಬಾರದು. ನಿಮಗೆ ಸಮಯ ಇದೆ. ಡೊಂಬಿವಲಿಯವರೇ, ನೀವು ಆ ಮಿತಿ ದಾಟಿರಬಹುದು, ಲೆಕ್ಕ ಹಾಕಿ.

ವಾಸ್ಕೋದಿಂದ ಒಬ್ಬರು:
ನನಗೆ 22. ಡಿಗ್ರಿ ಈಗಷ್ಟೇ ಮುಗಿದಿದೆ. ನಾನೂ ಹಾಕಲಾ?

ಉತ್ತರ:
ಈಗ ಬೇಡ ತಮ್ಮಾ. ಇವು ಕೆಲವು ವರ್ಷ ಕೆಲಸ ಮಾಡಿದವರಿಗೆ. ನೀವಿರುವ ಜಾಗ ಚೆನ್ನಾಗಿದೆ. ನವೆಂಬರ್‌ನಲ್ಲಿ ಪಣಜಿಯಲ್ಲಿ ಚಲನಚಿತ್ರೋತ್ಸವ, ಡಿಸೆಂಬರ್‌ನಲ್ಲಿ ಸೆರೆಂಡಿಪಿಟಿ ಕಲಾ ಉತ್ಸವ. ಅಲ್ಲಿ ಸ್ವಯಂಸೇವಕರಾಗಿ ಸೇರಿ. ವೇದಿಕೆಯ ಹಿಂದೆ ನಿಂತು ನೋಡಿ.

ಡೊಂಬಿವಲಿಯಿಂದ:
ಕೊನೆಯ ಪ್ರಶ್ನೆ ಅಕ್ಕ. ಶಿಫಾರಸು ಪತ್ರ ಅಧ್ಯಕ್ಷರಿಂದ ತರಲಾ?

ಉತ್ತರ:
ಅವರು ನಿಮ್ಮ ಕೆಲಸ ಹತ್ತಿರದಿಂದ ನೋಡಿದ್ದರೆ ತನ್ನಿ. ಇಲ್ಲದಿದ್ದರೆ ನಿಮ್ಮ ನಿರ್ದೇಶಕರೋ ಖಜಾಂಚಿಯೋ ಬರೆಯಲಿ. ದೊಡ್ಡ ಹೆಸರಿಗಿಂತ ನಿಜ ಗೊತ್ತಿದ್ದವರ ಪತ್ರಕ್ಕೆ ಬೆಲೆ. ಒಂದು ತಿಂಗಳ ಮೊದಲೇ ಕೇಳಿ. ನಾನು ಮೊದಲ ಸಲ ಅರ್ಜಿ ಹಾಕಿದಾಗ ಆಗ ಕೆಲಸಕ್ಕಿದ್ದ ಸಂಸ್ಥೆಯವರು ಇವತ್ತು ನಾಳೆ ಅಂತ ಪತ್ರ ತಡ ಮಾಡಿದರು. ಕೊನೆಯ ದಿನ ಕಳೆದುಹೋಯಿತು, ಮುಂದಿನ ಕರೆಗೆ ಎರಡು ವರ್ಷ ಕಾದೆ. ಆಫೀಸಿನಲ್ಲಿ ರಜೆಯ ಮಾತನ್ನೂ ಈಗಲೇ ಆಡಿಟ್ಟುಕೊಳ್ಳಿ. ಪ್ರಬಂಧ ಹೊಸದಾಗಿ ಬರೆದ ಮೇಲೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ. ಮೊದಲು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿಗೆ ಆಮೇಲೆ ಕೂತು ಮಾಡೋಣ.