ಕೊಲೆಸ್ಟ್ರಾಲ್ ಸೇರಿಸಿದ ಪೊರೆಯನ್ನು ಎಎಫ್‌ಎಂ ಸೂಜಿ ತೂರುತ್ತಿಲ್ಲ, ಸಹಾಯ ಬೇಕು

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಡಿಪಿಪಿಸಿ ಲಿಪಿಡ್‌ಗೆ (ಪೊರೆ ಕಟ್ಟುವ ಕೊಬ್ಬಿನಂಥ ವಸ್ತು) ಶೇ 30ರಷ್ಟು ಕೊಲೆಸ್ಟ್ರಾಲ್ ಸೇರಿಸಿ, ಮೈಕಾ (ನುಣುಪಾದ ಖನಿಜದ ಹಾಳೆ) ಮೇಲೆ ಪೊರೆ ಕೂರಿಸಿ, ಅದನ್ನು ತೂರಲು ಬೇಕಾದ ಬಲವನ್ನು ಎಎಫ್‌ಎಂನಲ್ಲಿ (ಚೂಪಾದ ಸೂಜಿಯಿಂದ ಮೇಲ್ಮೈ ಮುಟ್ಟಿ ನೋಡುವ ಸೂಕ್ಷ್ಮದರ್ಶಕ) ಅಳೆಯುತ್ತಿದ್ದೇನೆ. ಬರೀ ಡಿಪಿಪಿಸಿ ಇದ್ದಾಗ ಸೂಜಿ ಪೊರೆ ತೂರಿ ಒಮ್ಮೆಲೇ ಮುಂದೆ ಸರಿಯುವ ಜಿಗಿತ ಬಲದ ಗ್ರಾಫಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೊಲೆಸ್ಟ್ರಾಲ್ ಹಾಕಿದರೆ ಅರ್ಧಕ್ಕರ್ಧ ಗ್ರಾಫಿನಲ್ಲಿ ಜಿಗಿತವೇ ಇಲ್ಲ, ಕೆಲವದರಲ್ಲಿ ಎರಡೆರಡು. ಎಎಫ್‌ಎಂ ಇರುವುದು ಬೆಂಗಳೂರಲ್ಲಿ, ಅದಕ್ಕೆ ವೆಸಿಕಲ್ (ಮೈಕಾ ಮೇಲೆ ಹಾಕಿದಾಗ ಪೊರೆಯಾಗುವ ಸಣ್ಣ ಲಿಪಿಡ್ ಗುಳ್ಳೆಗಳು) ಇಲ್ಲೇ ಮಾಡಿಕೊಂಡು ಐಸ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಒಯ್ಯುತ್ತೇನೆ. ಹೊರಡುವಾಗ ತಿಳಿಯಾಗಿರುತ್ತದೆ, ಅಲ್ಲಿ ತೆಗೆದರೆ ಕದಡಿರುತ್ತದೆ, ತಳದಲ್ಲಿ ಬಿಳಿ ಗಸಿ. ಇದೂ ಕಾರಣ ಇರಬಹುದಾ?

ಚಿತ್ರದುರ್ಗದಿಂದ:
ಮೊದಲು ಆ ಗಸಿ ಸರಿಮಾಡಿಕೊಳ್ಳಿ. ಡಿಪಿಪಿಸಿ 41 ಡಿಗ್ರಿಗಿಂತ ಕೆಳಗೆ ಗಟ್ಟಿ. ಸೋನಿಕೇಟ್ ಮಾಡಿದ (ಶಬ್ದದ ಅಲೆಯಿಂದ ಒಡೆದ) ಸಣ್ಣ ವೆಸಿಕಲ್‌ಗಳು ತಣ್ಣಗಾದರೆ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ. ವೆಸಿಕಲ್ ಒಯ್ಯಲೇಬೇಡಿ. ಲಿಪಿಡ್ ಕರಗಿಸಿದ ಕ್ಲೋರೋಫಾರ್ಮನ್ನು ಪೂರ್ತಿ ಆರಿಸಿ, ಉಳಿದ ಒಣ ಲಿಪಿಡ್ ಫಿಲ್ಮನ್ನು ಗಾಜಿನ ಸೀಸೆಯಲ್ಲಿ, ನೈಟ್ರೋಜನ್ ತುಂಬಿ, ಬೆಳಕು ಬೀಳದ ಹಾಗೆ ಒಯ್ಯಿರಿ. ಗಾಳಿ ತಾಗಿದರೆ ಕೊಲೆಸ್ಟ್ರಾಲ್ ಆಕ್ಸಿಡೈಸ್ ಆಗುತ್ತದೆ. ಬಫರ್ (ಆಮ್ಲೀಯತೆ ಸ್ಥಿರವಾಗಿರುವ ದ್ರಾವಣ) ಹಾಕುವುದು, ಸೋನಿಕೇಟ್ ಮಾಡುವುದು ಎಲ್ಲ ಅಲ್ಲೇ, 60 ಡಿಗ್ರಿಯಲ್ಲಿ. ಮೈಕಾ ಮೇಲೆ ಹಾಕಿದ ಮೇಲೂ ಅದೇ ಬಿಸಿಯಲ್ಲಿ ಬಿಟ್ಟು, ಬಿಸಿ ಬಫರಿನಲ್ಲೇ ತೊಳೆದು, ಆಮೇಲೆ ನಿಧಾನವಾಗಿ ತಣಿಸಿ.

ಇನ್ನು ಜಿಗಿತ ಕಾಣದ ಗ್ರಾಫು. ಕೊಲೆಸ್ಟ್ರಾಲ್ ಪೊರೆಯನ್ನು ಬಿಗಿ ಮಾಡುತ್ತದೆ, ತೂರೋಕೆ ಜಾಸ್ತಿ ಬಲ ಬೇಕು. ಟ್ರಿಗರ್ (ಎಷ್ಟು ಬಲ ಮುಟ್ಟಿದರೆ ಸೂಜಿ ವಾಪಸಾಗಬೇಕು ಅನ್ನುವ ಮಿತಿ) ಬರೀ ಡಿಪಿಪಿಸಿಗೆ ಇಟ್ಟಷ್ಟೇ ಇದ್ದರೆ ಸೂಜಿ ತೂರುವ ಮೊದಲೇ ವಾಪಸ್ ಬರುತ್ತದೆ. ಆಗ ತೂರಿದ್ದನ್ನು ಮಾತ್ರ ಸರಾಸರಿಗೆ ಹಿಡಿದರೆ ಪೊರೆ ಇರುವುದಕ್ಕಿಂತ ಮೆತ್ತಗೆ ಅಂತ ಲೆಕ್ಕ ಬರುತ್ತದೆ, ಇದು ನಿಜಕ್ಕೂ ದೊಡ್ಡ ತಪ್ಪು. ಟ್ರಿಗರ್ ಏರಿಸಿ ನೋಡಿ. ಆಗಲೂ ಜಿಗಿತ ಬರದ ಜಾಗದಲ್ಲಿ ಪೊರೆಯೇ ಇಲ್ಲದೆ ಬರೀ ಮೈಕಾ ಇರಬಹುದು. ಅಲ್ಲಿನ ಚಿತ್ರ ತೆಗೆದು ಖಾತ್ರಿ ಮಾಡಿಕೊಳ್ಳಿ.

ಎರಡು ಜಿಗಿತದವನ್ನು ದಯವಿಟ್ಟು ಎಸೆಯಬೇಡಿ. ಒಂದೊಂದೂ 4-5 ನ್ಯಾನೋಮೀಟರ್ ಇದ್ದರೆ ಸೂಜಿಗೂ ಲಿಪಿಡ್ ಮೆತ್ತಿರಬಹುದು. ಆಗ ನೀವು ಅಳೆಯುತ್ತಿರುವುದು ಎದುರುಬದುರು ಇರುವ ಎರಡು ಪೊರೆಗಳ ನಡುವಿನ ಬಲ! ಬೇರೆ ಫೋಲ್ಡರಿಗೆ ಹಾಕಿಡಿ, ಸರಾಸರಿಗೆ ಬೆರೆಸಬೇಡಿ. ಸೂಜಿ ಇಳಿಸುವ ವೇಗವನ್ನೂ ಎಲ್ಲದಕ್ಕೂ ಒಂದೇ ಇಡಿ. ವೇಗ ಏರಿದರೆ ತೂರುವ ಬಲವೂ ಏರುತ್ತದೆ.

ದಾವಣಗೆರೆಯಿಂದ:
ತುಂಬಾ ಥ್ಯಾಂಕ್ಸ್ ಮೇಡಂ. ಟ್ರಿಗರ್ ಏರಿಸಿದರೆ ಸೂಜಿ ಮೊಂಡಾಗಲ್ವಾ?

ಚಿತ್ರದುರ್ಗದಿಂದ:
ಆಗಬಹುದು. ಅದಕ್ಕೇ ಬರೀ ಡಿಪಿಪಿಸಿಯ ಒಂದು ಸ್ಯಾಂಪಲ್ ಜೊತೆಗಿಟ್ಟುಕೊಂಡು, ಅದೇ ಸೂಜಿಯಲ್ಲಿ ಶುರುವಿಗೊಮ್ಮೆ, ಕೊನೆಗೊಮ್ಮೆ ಅಳೆಯಿರಿ. ಎರಡೂ ಸಲ ಒಂದೇ ಬಲ ಬಂದರೆ ಆ ದಿನದ ಡೇಟಾ ಇಟ್ಟುಕೊಳ್ಳಿ. ತುಂಬಾ ವ್ಯತ್ಯಾಸ ಬಂದರೆ ಸೂಜಿ ಬದಲಿಸಿ ಮತ್ತೆ ಅಳೆಯಿರಿ.