ಅಪ್‌ಡೇಟ್: ಬೆಳಗಾವಿ ಕ್ಯಾಂಪಿನ ಸಾರ್ಜೆಂಟನ ಮನೆತನದ ಎಳೆ ಸಿಕ್ಕಿತು

ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ದಂಡು ಪ್ರದೇಶದಲ್ಲಿ, ಮಣ್ಣಾದ ಬ್ರಿಟಿಷ್ ಸಾರ್ಜೆಂಟನ ಮನೆತನ ಮದ್ರಾಸ್ ದಾಖಲೆಗಳಲ್ಲಿ ಏಕೆ ಸಿಗುತ್ತಿಲ್ಲ ಎಂದು ಕೇಳಿದ್ದೆ. ತಪ್ಪು ಅಲ್ಲೇ ಇತ್ತು: ಬೆಳಗಾವಿ ಆಗ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿತ್ತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಚರ್ಚ್ ದಾಖಲೆಗಳಲ್ಲಿ ಎನ್/3 ಎಂಬ ಮುಂಬಯಿಯ ಸರಣಿ ನೋಡಬೇಕು; ಎನ್/2 ಮದ್ರಾಸಿನದು. ಊರಿನ ಹೆಸರು ‘ಬೆಲ್ಗಾಂ’ ಎಂದೇ ಹುಡುಕಿ.

ಸಮಾಧಿಯ ನಮೂದೊಂದೇ ಸಾಲದು. ವಯಸ್ಸು, ಉದ್ಯೋಗ ಇರುತ್ತದೆ, ತಂದೆ-ತಾಯಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅವನ ಮಕ್ಕಳ ದೀಕ್ಷಾಸ್ನಾನದ ನಮೂದು ಹಿಡಿಯಿರಿ, ತಂದೆಯ ಹುದ್ದೆ, ಹಲವು ಸಲ ರೆಜಿಮೆಂಟೂ ಸಿಗುತ್ತದೆ. ರಾಣಿಯ (ಬ್ರಿಟನ್ ಸರ್ಕಾರದ) ಸೈನ್ಯದವನಾದರೆ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸೈನ್ಯದ ಹಾಜರಿ ಪಟ್ಟಿ ನೋಡಿ, ಆ ಸರಣಿಯ ಹೆಸರು ಡಬ್ಲ್ಯೂಓ 12. ಈಸ್ಟ್ ಇಂಡಿಯಾ ಕಂಪನಿ ಸೈನ್ಯದವನಾದರೆ ಅಲ್ಲಿ ಅಲೆಯಬೇಡಿ, ಬ್ರಿಟಿಷ್ ಲೈಬ್ರರಿಯ ಎಲ್/ಮಿಲ್ ಎಂಬ ಸೈನಿಕ ದಾಖಲೆಗಳ ಸರಣಿ ನೋಡಿ.

ಕಲ್ಲಿನ ಅಕ್ಷರ ಮಾಸಿದ್ದರೆ ದಯವಿಟ್ಟು ಸುಣ್ಣ, ಆಸಿಡ್ ಹಚ್ಚಬೇಡಿ, ಕಲ್ಲೇ ಹಾಳಾಗುತ್ತದೆ. ಬರೀ ನೀರು ಸುರಿದು ಬೆಳಗಿನ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ. 1 ಯಾವುದು, 7 ಯಾವುದು ಎಂಬುದು ಆಗ ಕಾಣುತ್ತದೆ.